ತುತ್ತು ಕಾಣದ ಕೌದಿ

ಬಜೆ ಬೇರಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಎದುರುಮನೆ ಅಕ್ಕ ನೆನಪಾಗುತ್ತಾಳೆ. ಬಟ್ಟೆಗೆ ಹುಳ ಹತ್ತದಿರಲಿ ಎಂದು ಟ್ರಂಕಿನಲ್ಲಿ ಬಜೆ ಇಡುವುದನ್ನು ಕಲಿಸಿದವಳು ಅವಳೇ. ಹೋದ ತಿಂಗಳು ಚಳಿ ಜಾಸ್ತಿಯಾಯಿತೆಂದು ಟ್ರಂಕಿನ ತಳದಲ್ಲಿದ್ದ ಕೌದಿ ತೆಗೆಸಿ ಕಾಲ ಮೇಲೆ ಹಾಕಿಕೊಂಡು ಕೂತಿದ್ದೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ ಅದು. ಮೊಮ್ಮಗಳು ಅದರೊಳಗೆ ತಾನೂ ಕಾಲು ತೂರಿಸಿಕೊಂಡು ಟಿವಿಯಲ್ಲಿ ಒಂದು ಸಿನಿಮಾ ಹಾಕಿದಳು.

ಇಬ್ಬರು ಹೆಂಗಸರ ಕತೆ. ಒಬ್ಬಳಿಗೆ ಮದುವೆಯಾಗಿದೆ. ಇಬ್ಬರೂ ಕದ್ದು ಕದ್ದು ಸೇರುತ್ತಾರೆ, ಗೆಳತಿಯರಂತಲ್ಲ, ಗಂಡ ಹೆಂಡಿರಂತೆ. ಗಂಡನೆಂಬುವವನು ಕುಡುಕ, ಕೈ ಮಾಡುವವನು. ಕೊನೆಗೆ ಗುಟ್ಟು ರಟ್ಟಾಗಿ ಒಬ್ಬಳು ಸಾಯುತ್ತಾಳೆ. ಮೊಮ್ಮಗಳು ಅತ್ತಳು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆ ಸುಮ್ಮನಿರಲಿಲ್ಲ.

"ಅಳಾಕೇನೈತೆ ಅದ್ರಾಗೆ? ಗಂಡಂಗೆ ಸುಳ್ಳು ಹೇಳಿದ್ಲು, ಅನುಭವಿಸಿದ್ಲು."

"ಅವ್ನು ಹೊಡೀತಿದ್ನಲ್ಲಮ್ಮ, ಅದು ಕಾಣ್ಲಿಲ್ವಾ ನಿಂಗೆ?"

"ಹೊಡೀದೆ ಇದ್ದಿದ್ರೆ? ಆವಾಗ ಯಾರ ಕಡೆ ಅಳ್ತಿದ್ದೆ ನೀನು?"

ಮೊಮ್ಮಗಳು ಟಿವಿ ಆರಿಸಿದಳು. ನನ್ನ ಸೊಸೆ ದಡ್ಡಿಯಲ್ಲ. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು, ತಪ್ಪು ಯಾರದು ನೀನೇ ಹೇಳು ಎಂದು. ನಾನು ಕೌದಿಯ ಮೂಲೆ ಹಿಡಿದುಕೊಂಡು ಕೂತೆ...

ನಾನು ಆನಗೋಡಿನಿಂದ ದಾವಣಗೆರೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೈದು ವರ್ಷ. ಬಟ್ಟೆ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಎದುರುಮನೆ ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಎತ್ತರದ ಹೆಂಗಸು, ಮಕ್ಕಳಿರಲಿಲ್ಲ, ಬಾಯಿ ಜೋರು. ಆಕೆಯ ಗಂಡ ಮಿಲ್ಲಿನಲ್ಲಿ ಮಗ್ಗದ ಮೇಲಿದ್ದ. ಆತನ ತಲೆ, ಹುಬ್ಬು, ಕಿವಿಯ ಕೂದಲಿನ ಮೇಲೆಲ್ಲ ಹತ್ತಿಯ ಧೂಳು ಕೂತಿರುತ್ತಿತ್ತು. ಮಾತು ಕಡಿಮೆ. ಮಿಲ್ಲಿನಲ್ಲಿ ಬಿಸಾಕುವ ತುಂಡು ನೂಲನ್ನು ಕೇಳಿ ತಂದು, ಗಂಟು ಹಾಕಿ, ಉಂಡೆ ಸುತ್ತಿ ಹೆಂಡತಿಯ ಮುಂದೆ ಇಡುತ್ತಿದ್ದ. ಅಕ್ಕ ಮಾರಲು ಕೌದಿ ಹೊಲಿಯುತ್ತಿದ್ದುದು ಆ ನೂಲಿನಲ್ಲಿ.

ಕೌದಿಯನ್ನು ಒಬ್ಬರೇ ಹೊಲಿದರೆ ಬೇಗ ಮುಗಿಯುವುದಿಲ್ಲ. ಅಕ್ಕನ ಜೊತೆಗೆ ಕೂರಲು ವಾರಕ್ಕೊಂದು ದಿನ ಬೆಳಗಿನ ರೈಲಿಗೆ ಹರಿಹರದಿಂದ ಒಬ್ಬಳು ಬರುತ್ತಿದ್ದಳು. ಓಣಿಯವರು ಅವಳನ್ನು ಹರಿಹರದಾಕಿ ಎನ್ನುತ್ತಿದ್ದರು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದಳು. ಸಣ್ಣ ಆಳು, ನಗಿಸುವ ಬಾಯಿ. ಒಬ್ಬಳು ಆ ಅಂಚಿಗೆ, ಒಬ್ಬಳು ಈ ಅಂಚಿಗೆ ಕೂತು ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗಿತೆಂದರೆ ಕೌದಿ ಮುಗಿಯಿತೆಂದು ಲೆಕ್ಕ. ಒಂದು ಮೂಲೆಯನ್ನು ಮಾತ್ರ ತೆರೆದೇ ಬಿಡುತ್ತಿದ್ದರು. ಹೊಸ ಕೌದಿಯನ್ನು ಒಮ್ಮೆ ಹೊಳೆಯಲ್ಲಿ ಒಗೆದು ಒಣಗಿಸಿ, ಹೊಲಿದ ಇಬ್ಬರೂ ಸೇರಿ ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಮುಚ್ಚುತ್ತಿದ್ದರು. ಕೌದಿಗೆ ತುತ್ತು ಕೊಡುವುದು ಎನ್ನುತ್ತಿದ್ದರು ಅದಕ್ಕೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದಂತೆ.

ಒಮ್ಮೆ ಮೂವರೂ ಮ್ಯಾಟ್ನಿಗೆ ಹೋಗಿದ್ದೆವು. ಗಂಡನನ್ನು ಬಿಟ್ಟು ಇನ್ನೊಬ್ಬನ ಮೇಲೆ ಮನಸ್ಸಿಟ್ಟವಳ ಕತೆ. ಕೊನೆಗೆ ಅವಳು ಬಾವಿಗೆ ಬಿದ್ದಳು. ಹೆಂಗಸರ ಬೆಂಚಿನಲ್ಲಿ ಕೂತವರೆಲ್ಲ ಸರಿಯಾಯಿತು, ಸಾಯಲಿ ಎಂದು ನೆಟಿಗೆ ಮುರಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹರಿಹರದಾಕೆ ಅವಳ ಕೈ ಹಿಡಿದು, "ಏಳೇ. ಆಕಿನ್ನ ಸಾಯಿಸ್ಲಿಲ್ಲ ಅಂದ್ರೆ ಇವ್ರೆಲ್ಲ ಮನಿಗೆ ಹೋಗಿ ನೆಮ್ಮದಿಯಾಗಿ ಹೆಂಗೆ ರೊಟ್ಟಿ ಬಡೀಬೇಕು?" ಎಂದಳು. ಅಕ್ಕ ಅಳುತ್ತಲೇ ನಕ್ಕಳು. ದಾರಿಯುದ್ದಕ್ಕೂ ಆ ಕೈ ಬಿಟ್ಟಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ನಮ್ಮ ಒಲೆ ಆರಿತ್ತು. ಕೆಂಡ ತರಲು ಅಕ್ಕನ ಮನೆಗೆ ಹೋದೆ. ಕೆಂಡಕ್ಕೆ ಬಂದವರು ಬಾಗಿಲು ಬಡಿಯುವ ಪದ್ಧತಿ ನಮ್ಮ ಓಣಿಯಲ್ಲಿರಲಿಲ್ಲ. ದೂಡಿದೆ. ಅರ್ಧ ಹೊಲಿದ ಕೌದಿಯ ಮೇಲೆ ಇಬ್ಬರೂ ಮಲಗಿದ್ದರು. ಮುಚ್ಚುಮರೆ ಮಾಡಿ ಹೇಳಲು ನನಗೆ ಬರುವುದಿಲ್ಲ, ಗಂಡ ಹೆಂಡತಿ ಮಲಗುವಂತೆಯೇ ಮಲಗಿದ್ದರು. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಬಾಗಿಲು ಎಳೆದುಕೊಂಡು ಬಂದೆ.

ಮರುದಿನ ನಲ್ಲಿಯ ಹತ್ತಿರ ಅಕ್ಕ ಕೇಳಿದಳು, "ನಿನ್ನೆ ಕೆಂಡಕ್ಕೆ ಬಂದಾಕಿ ಬರಿಗೈಲಿ ಯಾಕ ಹೋದಿ?"

"ಒಲಿ ತಾನ ಹೊತ್ತಿಕ್ಯಂತು ಅಕ್ಕ."

ತಾನಾಗಿ ಹೊತ್ತಿಕೊಂಡ ಒಲೆಯನ್ನು ಯಾರು ಕಂಡಿದ್ದಾರೆ. ಅಕ್ಕ ನನ್ನ ಮುಖವನ್ನೇ ನೋಡಿ ಕೊಡ ಎತ್ತಿ ತಲೆಯ ಮೇಲಿಟ್ಟಳು. ಆ ವಿಷಯವಾಗಿ ನಾವಿಬ್ಬರು ಆಡಿದ ಮಾತು ಅಷ್ಟೇ. ನಾನು ಯಾರಿಗೂ ಹೇಳಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ. ಕಂಡದ್ದಕ್ಕೆ ನನ್ನ ಹತ್ತಿರ ಹೆಸರೇ ಇರಲಿಲ್ಲ, ಹೇಳುವುದಾದರೂ ಏನನ್ನು?

ಯುಗಾದಿಗೆ ಮುಂಚೆ ಓಣಿಯ ಹೆಂಗಸರು ಹೊದಿಕೆಗಳ ಗಂಟು ಕಟ್ಟಿಕೊಂಡು ರೈಲಿನಲ್ಲಿ ಹರಿಹರಕ್ಕೆ ಹೋಗಿ ಹೊಳೆಯಲ್ಲಿ ಒಗೆದು ಬರುವುದಿತ್ತು. ಆ ವರ್ಷ ನಮ್ಮತ್ತೆಯೂ ಬಂದಿದ್ದರು. ಹರಿಹರದಾಕೆ ಬುತ್ತಿ ಹಿಡಿದು ದಂಡೆಯ ಮೇಲೆ ಕಾಯುತ್ತಿದ್ದಳು. ಅಕ್ಕ ಒಂದು ಹೊಸ ಕೌದಿ ತಂದಿದ್ದಳು. ಇದು ಮಾರಾಕಲ್ಲ, ನನಗೇ ಅಂತ ಹೊಲಿದದ್ದು ಎಂದಳು. ತುತ್ತಿಗೆ ರೊಟ್ಟಿಯೂ ಬುತ್ತಿಯಲ್ಲಿತ್ತು. ಒದ್ದೆ ಕೌದಿ ಹಿಂಡಲು ಇಬ್ಬರು ಬೇಕು. ಒಂದು ತುದಿ ಅಕ್ಕ ಹಿಡಿದಳು, ಇನ್ನೊಂದು ತುದಿ ನಾನು. ತಿರುಚುವಾಗ ಹೊಲಿಯದ ಮೂಲೆ ಬಾಯಿ ಬಿಟ್ಟಿತು. ಒಳಗೆ ಹಸಿರು ಇಳಕಲ್ ಸೀರೆಯ ಸೆರಗು. ನಾನು ಹೊಸ ಮದುವಣಗಿತ್ತಿಯಾಗಿ ಬಂದಾಗ ಅಕ್ಕ ಟ್ರಂಕು ತೆಗೆದು ತೋರಿಸಿದ್ದ ಸೀರೆ.

"ಅಕ್ಕಾ, ಇದು ನಿನ್ನ ಧಾರೆ ಸೀರಿ ಅಲ್ಲೇನು?"

ಅಂದುಬಿಟ್ಟೆ. ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಇಷ್ಟನ್ನು ಬಾಯಲ್ಲಿಟ್ಟುಕೊಳ್ಳಲಿಲ್ಲ.

ಬಟ್ಟೆ ಒಗೆಯುವ ಸದ್ದು ನಿಂತಿತು. ಧಾರೆ ಸೀರೆಯನ್ನು ನಮ್ಮಲ್ಲಿ ಯಾರೂ ಹರಿಯುವುದಿಲ್ಲ. ಮುತ್ತೈದೆಯಾಗಿ ಸತ್ತರೆ ಅದನ್ನೇ ಉಡಿಸಿ ಕಳಿಸುತ್ತಾರೆ. ಅತ್ತೆ ಬಂದು ಆ ಮೂಲೆಗೆ ಬೆರಳು ಹಾಕಿ ಎಳೆದರು. ಹಸಿರಿನ ಕೆಳಗೆ ಇನ್ನೊಂದು ಸೀರೆಯ ಕೆಂಪು ಸೆರಗು.

"ಈ ಕೆಂಪಂದು ಯಾರ್ದು?"

"ನಂದು," ಎಂದಳು ಹರಿಹರದಾಕೆ. "ಅಕ್ಕನ ಸೀರಿಗೆ ಹುಳ ಹತ್ತಿತ್ತು. ನಾನ ಹೇಳಿದ್ದು, ಹರಿದು ಹಾಕು ಅಂತ."

ಬಜೆ ಇಟ್ಟ ಆ ಟ್ರಂಕಿಗೆ ಹುಳ ಹತ್ತುವುದುಂಟೆ. ಅಲ್ಲಿದ್ದ ಎಲ್ಲರೂ ಬಜೆ ಇಡುವುದನ್ನು ಕಲಿತದ್ದೇ ಅಕ್ಕನಿಂದ.

"ಹುಳ ಹತ್ತಿರ್ಲಿಲ್ಲ," ಎಂದಳು ಅಕ್ಕ. "ನಾನ ಹರಿದೆ. ಎರಡೂ ಒಂದ್ರಾಗ ಇರ್ಲಿ ಅಂತ."

"ಗಂಡ ಗಟ್ಟಿಮುಟ್ಟಾಗಿ ದುಡಿಯಾಕತ್ತ್ಯಾನೆ. ಗಂಡ ಸತ್ತಾಕಿ ಸೀರಿ ಜೋಡಿ ನಿನ್ನ ಧಾರೆ ಸೀರಿ ಹೊಲಿದ್ಯೇನೇ?" ಅತ್ತೆ ಕೇಳಿದರು. ಅಕ್ಕ ನನ್ನ ಕೈಯಿಂದ ಕೌದಿಯ ತುದಿ ಬಿಡಿಸಿಕೊಂಡು ಒಬ್ಬಳೇ ಹಿಂಡತೊಡಗಿದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನೀರು ಸೋರುತ್ತಲೇ ಇತ್ತು. ಆ ದಿನ ತುತ್ತು ಇಡಲಿಲ್ಲ. ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ಓಣಿಯವರು ಅಕ್ಕನನ್ನು ಮೊದಲು ಗಂಡನ ಸಾವು ಬಯಸಿದವಳು ಎಂದರು. ಆಮೇಲೆ ಯಾರೋ ಬುದ್ಧಿವಂತೆ ಆಕೆ ವಾರ ವಾರ ಬಂದು ಹೋಗುವುದನ್ನೂ ಜೋಡಿಸಿ ಇಬ್ಬರ ಗುಟ್ಟು ಊಹಿಸಿದಳು. ಮಾತು ರೈಲಿಗಿಂತ ಮೊದಲು ಹರಿಹರ ಮುಟ್ಟಿತು. ಎರಡು ತಿಂಗಳೊಳಗೆ ಹರಿಹರದಾಕೆಯನ್ನು ಅವಳ ಅಣ್ಣ ಹೊಳೆಯಾಚೆ ಯಾವುದೋ ಊರಿನ, ಹೆಂಡತಿ ಸತ್ತವನಿಗೆ ಉಡಿಕೆ ಮದುವೆ ಮಾಡಿ ಕಳಿಸಿದ. ಅವಳು ಹೋಗುವಾಗ ಅಕ್ಕನಿಗೆ ಮುಖ ತೋರಿಸಲೂ ಬಿಡಲಿಲ್ಲ.

ಅಕ್ಕನ ಗಂಡ ಹೊಡೆಯುತ್ತಾನೆಂದು ಓಣಿಯೆಲ್ಲ ಕಿವಿ ನಿಮಿರಿಸಿ ಕಾದಿತ್ತು. ಆತ ಹೊಡೆಯಲಿಲ್ಲ. ಬಾಗಿಲಿಗೆ ಹೋಗಿ ಬುದ್ಧಿ ಹೇಳಿದ ನಮ್ಮತ್ತೆಗೆ, "ನಮ್ಮನಿ ಸೀರಿ, ನಮ್ಮನಿ ಕೌದಿ. ನಿಮಗೇನಾಗ್ಬೇಕು ಯಮ್ಮಾ?" ಎಂದು ಕೇಳಿದ. ಆದರೆ ಅವತ್ತಿನಿಂದ ನೂಲು ತರುವುದನ್ನು ಬಿಟ್ಟ. ಪಾಳಿ ಮುಗಿಸಿ ಬಂದವನು ಒಳಗೆ ಹೋಗದೆ ಕಟ್ಟೆಯ ಮೇಲೆ ಕೂತು ತನ್ನ ಬರಿಗೈಗಳನ್ನು ನೋಡಿಕೊಳ್ಳುತ್ತಿದ್ದ. ಮೊಮ್ಮಗಳು ಹಾಕಿದ ಸಿನಿಮಾದ ಗಂಡನನ್ನು ಬೈಯುವುದು ಸುಲಭ. ಈತನನ್ನು ಯಾವ ಬಾಯಿಂದ ಬೈಯಲಿ?

ಕೆಲವು ವರ್ಷಗಳಾದ ಮೇಲೆ ಧೂಳಿಗೆ ಆತನ ಎದೆ ಕೆಟ್ಟು, ಮಿಲ್ಲು ಬಿಟ್ಟು ಇಬ್ಬರೂ ಆತನ ಹಳ್ಳಿಗೆ ಹೊರಟರು. ಗಾಡಿ ಹತ್ತುವ ಮುಂಚೆ ಅಕ್ಕ ಆ ಕೌದಿಯನ್ನು ನನ್ನ ಕೈಗೆ ಕೊಟ್ಟಳು.

"ನನ್ನ ಬಾಯಿಂದ ಆತು ಅಕ್ಕ ಎಲ್ಲ," ಎಂದೆ.

"ಹೊಳಿಗೆ ತಂದಾಕಿ ನಾನು. ನೀ ನೋಡ್ಲಿಲ್ಲ ಅಂದ್ರೆ ಇನ್ನೊಬ್ಳು ನೋಡ್ತಿದ್ಲು. ನೀನಾದ್ರೆ ಒಂದ್ಸಲ ಸುಳ್ಳರ ಹೇಳಿದ್ದಿ, ಒಲಿ ತಾನ ಹೊತ್ತಿಕ್ಯಂತು ಅಂತ."

"ಮೂಲಿ ಹೊಲೀಲೇನು?"

"ಬ್ಯಾಡ. ತುತ್ತು ಇಬ್ರು ಇಡ್ಬೇಕು."

ಅಕ್ಕನನ್ನು ಮತ್ತೆ ನೋಡಲಿಲ್ಲ. ಮೂರ್ನಾಲ್ಕು ವರ್ಷಕ್ಕೆ ಅಕ್ಕನ ಗಂಡ ಒಬ್ಬನೇ ನಮ್ಮ ಮನೆಗೆ ಬಂದ. ಜ್ವರ ಬಂದು ಹೋಗಿಬಿಟ್ಟಳು ಎಂದ. ಕೆಮ್ಮುವವನು ಉಳಿದು, ಗಟ್ಟಿಯಿದ್ದವಳು ಹೋಗಿದ್ದಳು. ನೀರು ಕೊಟ್ಟೆ. ಕುಡಿದು, ಆ ಕೌದಿ ಒಮ್ಮೆ ತೋರಿಸು ತಾಯಿ ಎಂದ. ತಂದು ಮುಂದಿಟ್ಟೆ. ಹೊಲಿಗೆಯ ಮೇಲೆ ಬೆರಳು ಆಡಿಸುತ್ತಾ ಅಂಚಿನಿಂದ ನಡುವಿನವರೆಗೂ ಹೋದ. ತೆರೆದ ಮೂಲೆಯನ್ನು ಬಿಡಿಸಿ ಒಳಗಿನ ಹಸಿರು, ಕೆಂಪು ಎರಡನ್ನೂ ನೋಡಿದ.

"ನೂಲು ಗಟ್ಟಿ ಐತೆ," ಎಂದ. "ಅಂಥದ್ದೇ ಹಸಿರಂದು ಹೊಸಾದು ತಂದು ಉಡಿಸಿ ಕಳಿಸ್ದೆ."

ಕೇಳಿದ್ದರೆ ಕೌದಿ ಕೊಟ್ಟುಬಿಡುತ್ತಿದ್ದೆ. ಆತ ಕೇಳಲಿಲ್ಲ. ನೀಟಾಗಿ ಮಡಚಿ ನನ್ನ ತೊಡೆಯ ಮೇಲಿಟ್ಟು ಹೋದ...

ಇಷ್ಟನ್ನೂ ಅವತ್ತು ಆ ಸಿನಿಮಾ ಮುಗಿದ ಮೇಲೆ ಇಬ್ಬರಿಗೂ ಹೇಳಿದೆ. ಮೊಮ್ಮಗಳು, "ಹರಿಹರದವ್ರು ಏನಾದ್ರು ಅಜ್ಜಿ?" ಎಂದು ಕೇಳಿದಳು. ಸೊಸೆ, "ಆ ಗಂಡ ಎಷ್ಟು ದಿನ ಇದ್ರು ಅತ್ತೆ?" ಎಂದು ಕೇಳಿದಳು. ಎರಡೂ ನನಗೆ ಗೊತ್ತಿಲ್ಲ. ನಾನು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಹರಿಹರದಾಕೆಯದು ಹೊಳೆ ದಾಟಿದರೆ ಸಿಗುವ ಊರು, ಒಂದು ದಿನದ ದಾರಿ. ಹೋಗಬಹುದಿತ್ತು. ಹೋಗಲಿಲ್ಲ. ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುವ ತಪ್ಪು ಇದೊಂದೇ.

ಪ್ರತಿ ವರ್ಷ ಕೌದಿ ತೆಗೆದಾಗ ಆ ಮೂಲೆ ಕಂಡು ಸೊಸೆ ಸೂಜಿ ದಾರ ತರುತ್ತಿದ್ದಳು, ನಾನು ಬೈದು ಕಳಿಸುತ್ತಿದ್ದೆ. ಚಳಿ ಇಳಿದ ಮೇಲೆ ನಿನ್ನೆ ಅದನ್ನು ಮತ್ತೆ ಟ್ರಂಕಿಗೆ ಹಾಕಿದೆವು. ಹಸಿರು ಪೂರಾ ಮಾಸಿದೆ. ಕೆಂಪು ಇನ್ನೂ ಸ್ವಲ್ಪ ಕಾಣುತ್ತದೆ. ಸೊಸೆ ಈ ಸಲ ಸೂಜಿ ತರಲಿಲ್ಲ. ಪೇಟೆಯಿಂದ ಹೊಸ ಬಜೆ ಬೇರು ತಂದಿದ್ದಳು, ಕೌದಿಯ ಮಡಿಕೆಯೊಳಗೆ ಇಟ್ಟು ಟ್ರಂಕಿನ ಮುಚ್ಚಳ ಹಾಕಿದಳು.