ವೆಸೆಲಿ ಹಾಲ್‌ನ ನೆಲ ಕಾದ ಲಿಬ್ಬಿ

ಟೆಕ್ಸಸ್‌ನ ಲವಾಕಾ ಹೊಳೆಯಾಚೆಯ ವೆಸೆಲಿ ಎಂಬ ಸಣ್ಣ ಊರಿನಲ್ಲಿ ಲಿಬ್ಬಿ ಜಾನಾಕ್ ಮೂವತ್ತೆಂಟು ವರ್ಷ ಡಾನ್ಸ್ ಹಾಲ್‌ನ ನೆಲ ನೋಡಿಕೊಂಡಳು. ಅದಕ್ಕೆ ಸಂಬಳವಿರಲಿಲ್ಲ. ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಭಾನುವಾರ ಚರ್ಚಿನಿಂದ ನೇರ ಹಾಲ್‌ಗೆ ಬಂದು ಕಿಟಕಿಯ ಬಾಗಿಲುಗಳನ್ನೆತ್ತಿ ಕೋಲು ಕೊಡುತ್ತಿದ್ದಳು. ಆಮೇಲೆ ಇಡೀ ನೆಲ ಗುಡಿಸಿ, ಮೇಣದ ಪುಡಿಯನ್ನು ರಂಗೋಲಿ ಹಾಕುವವಳಂತೆ ಬೆರಳ ಸಂದಿಯಿಂದ ಉದುರಿಸುತ್ತಿದ್ದಳು. ಪುಡಿ ಕಡಿಮೆಯಾದರೆ ಬೂಟು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಮುದುಕರು ಜಾರಿ ಬೀಳುತ್ತಾರೆ. ಸುತ್ತಲಿನ ಮೂರು ತಾಲ್ಲೂಕುಗಳಲ್ಲಿ ಅವಳ ಕೈಯ ಹದ ಇನ್ನೊಬ್ಬರಿಗೆ ಬರಲಿಲ್ಲ.

ಯುರೋಪಿನ ಮೊರಾವಿಯಾದಿಂದ ಹಡಗು ಹತ್ತಿ ಬಂದ ಅಜ್ಜಂದಿರು ಸಾವಿರದ ಒಂಬೈನೂರ ಹನ್ನೆರಡರಲ್ಲಿ ಕಟ್ಟಿದ ಹಾಲ್ ಅದು. ಎಂಟು ಮೂಲೆ, ತಗಡಿನ ಸೂರು, ಒಳಗೆಲ್ಲ ಉದ್ದುದ್ದ ಪೈನ್ ಹಲಗೆ. ಲಿಬ್ಬಿ ಹಸುಗೂಸಾಗಿದ್ದಾಗ ಅವಳಮ್ಮ ಅವಳನ್ನು ಗೋಡೆಯ ಬೆಂಚಿನ ಕೆಳಗೆ ಕಂಬಳಿ ಹಾಸಿ ಮಲಗಿಸಿ ಕುಣಿಯಲು ಹೋಗುತ್ತಿದ್ದಳಂತೆ. ಗಂಡ ರೇಮಂಡ್ ಸಿಕ್ಕಿದ್ದೂ ಅಲ್ಲಿಯೇ, ಅವನು ತೀರಿಕೊಂಡಾಗ ತಿಥಿಯೂಟ ಹಾಕಿದ್ದೂ ಅಲ್ಲಿಯೇ. ರೇಮಂಡನ ಅಣ್ಣ ಲಿಯಾಂಡರ್ ವೇದಿಕೆಯ ಮೇಲೆ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಂತ ಆ ವಾದ್ಯದ ಮುಂದೆ, ಊಟಕ್ಕೆ ಕೂತವನ ಹಾಗೆ ಬೆನ್ನು ಬಗ್ಗಿಸಿ ಕೂತು, ತಂತಿಯ ಮೇಲೆ ಉಕ್ಕಿನ ತುಂಡು ಸರಳು ಜಾರಿಸಿದನೆಂದರೆ ಬೀರ್ ಕುಡಿಯುತ್ತಿದ್ದವರೂ ಲೋಟ ಇಟ್ಟು ಏಳುತ್ತಿದ್ದರು. ಹಳೇ ಕಂಟ್ರಿ ಹಾಡು, ನಡುವೆ ಕುಪ್ಪಳಿಸಿ ಕುಣಿಯುವ ಎರಡು ಪೋಲ್ಕಾ, ಕೊನೆಗೊಂದು ನಿಧಾನದ ವಾಲ್ಟ್ಜ್. ಬೇರೇನನ್ನಾದರೂ ನುಡಿಸಿ ಎಂದವರಿಗೆ ಲಿಯಾಂಡರ್, "ಕಾರಲ್ಲಿ ರೇಡಿಯೋ ಇದ್ಯಲ್ಲಪ್ಪ, ಹೋಗಿ ಹಾಕ್ಕೋ" ಅನ್ನುತ್ತಿದ್ದ.

ಪ್ರತಿ ಫೆಬ್ರವರಿಯಲ್ಲಿ ಲಿಬ್ಬಿ ಗಂಡನ ಹಳೇ ಪ್ಯಾಂಟು ತೊಟ್ಟು, ಟಾರ್ಚು ಮತ್ತು ಸ್ಕ್ರೂಡ್ರೈವರ್ ಹಿಡಿದು ಹಾಲ್‌ನ ಅಡಿಗೆ ತೆವಳಿ ಹೋಗುತ್ತಿದ್ದಳು. ನೆಲ ನಿಂತಿದ್ದು ಸೀಡರ್ ಮರದ ಮೋಟು ಕಂಬಗಳ ಮೇಲೆ. ಒಂದೊಂದು ತೊಲೆಯನ್ನೂ ಚುಚ್ಚಿ ನೋಡಿಕೊಂಡು, ಹಾವಿದ್ದರೆ ಬೈದು, ಮೈಯೆಲ್ಲ ಮಣ್ಣಾಗಿ ಹೊರಗೆ ಬರುತ್ತಿದ್ದಳು. ಅರವತ್ತೇಳನೆಯ ವಯಸ್ಸಿನಲ್ಲಿ ಹಾಗೆ ಹೋದಾಗ ಪಡುವಣ ಮೂಲೆಯ ತೊಲೆಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋಯಿತು. ಬೆಣ್ಣೆಗೆ ಚುಚ್ಚಿದಂತಿತ್ತು. ಹೊರಗೆ ಗಟ್ಟಿ, ಒಳಗೆಲ್ಲ ಗೆದ್ದಲು.

ಅವಳು ಯಾರಿಗೂ ಹೇಳಲಿಲ್ಲ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷವಷ್ಟೇ ಪಕ್ಕದ ಊರಿನವರು ಸೂರು ಸೋರುತ್ತದೆಂದು ಆರು ತಿಂಗಳ ಮಟ್ಟಿಗೆ ಹಾಲ್ ಮುಚ್ಚಿದ್ದರು. ಮತ್ತೆ ತೆಗೆಯಲಿಲ್ಲ. ಅದರ ಹಿಂದಿನ ವರ್ಷ ಇನ್ನೊಂದು ಹಾಲ್ ಸುಟ್ಟುಹೋಗಿತ್ತು, ಮತ್ತೊಂದರಲ್ಲಿ ಯಾರೋ ಹುಲ್ಲಿನ ಪಿಂಡಿ ತುಂಬಿಟ್ಟಿದ್ದರು. ಲಿಬ್ಬಿ ಕಾರಿನ ಜ್ಯಾಕು, ನಾಲ್ಕು ಸಿಮೆಂಟು ಇಟ್ಟಿಗೆ ತಂದು ತೊಲೆಗೆ ಆನಿಸಿದಳು. ಆ ಮೂಲೆಯ ನೆಲದ ಮೇಲೆ ಒಂದು ಉದ್ದನೆಯ ಮೇಜು ಹಾಕಿ, ಹಣ್ಣಿನ ಹೂರಣವಿಟ್ಟ ಕೋಲಾಚೆ ಬನ್ನುಗಳ ತಟ್ಟೆಗಳನ್ನು ಜೋಡಿಸಿ, ಕುಣಿಯುವವರು ಆ ಕಡೆ ಸುಳಿಯದ ಹಾಗೆ ನೋಡಿಕೊಂಡಳು.

"ತೇತಾ, ಕೋಲಾಚೆ ಬಾಗಿಲ ಹತ್ರಾನೇ ಚೆನ್ನಾಗಿತ್ತಲ್ಲ?" ಎಂದು ಹಾಲ್ ನಡೆಸುವ ಸಂಘದ ಅಧ್ಯಕ್ಷ ಮಾರ್ವಿನ್ ಓರ್ಸಾಕ್ ಕೇಳಿದ. ಚಿಕ್ಕವರೆಲ್ಲ ಅವಳನ್ನು ತೇತಾ ಎಂದೇ ಕರೆಯುತ್ತಿದ್ದರು, ಅತ್ತೆ ಅನ್ನುವ ಹಾಗೆ.

"ಬಾಗಿಲ ಹತ್ರ ಇಟ್ರೆ ನೀನೇ ಅರ್ಧ ಖಾಲಿ ಮಾಡ್ತೀಯ. ಹೊಟ್ಟೆ ನೋಡ್ಕೋ."

ಹೀಗೆ ಮೂರು ವರ್ಷ ಕಳೆಯಿತು.

ಮೇ ತಿಂಗಳ ಒಂದು ಭಾನುವಾರ ಲಿಯಾಂಡರ್ ಆ ವೇದಿಕೆ ಹತ್ತಿ ಐವತ್ತು ವರ್ಷವಾಯಿತೆಂದು ದೊಡ್ಡ ಊಟವಿಟ್ಟುಕೊಂಡಿದ್ದರು. ಎಂದೂ ಬಾರದವರೂ ಬಂದರು. ಲಿಬ್ಬಿ ಹಾಲ್‌ನ ಅಡುಗೆಮನೆಯಲ್ಲಿ ಆಲೂಗಡ್ಡೆ ಬಡಿಸುತ್ತಿದ್ದಾಗ, ಕುಣಿಯಲು ಜಾಗ ಸಾಲದೆಂದು ಯಾರೋ ಆ ಮೂಲೆಯ ಮೇಜನ್ನು ಗೋಡೆಗೆ ತಳ್ಳಿದರು. ಮಧ್ಯಾಹ್ನ ಮೂರರ ಹೊತ್ತಿಗೆ, ಎರಡನೆಯ ಪೋಲ್ಕಾದಲ್ಲಿ, ಹಲಗೆ ಮುರಿದ ಸದ್ದು ಕೇಳಿತು. ಲಿಬ್ಬಿ ಸೌಟು ಬಿಟ್ಟು ಓಡಿದಳು. ಅವಳ ಬಾಲ್ಯದ ಗೆಳತಿ ಜಾರ್ಜೀನಾಳ ಬಲಗಾಲು ತೊಡೆಯವರೆಗೂ ನೆಲದೊಳಗೆ ಹೋಗಿತ್ತು. ಪಿಟೀಲು ನಿಂತಿತು. ಲಿಯಾಂಡರನ ಗಿಟಾರಿನ ಸ್ವರ ಮಾತ್ರ ಇನ್ನೊಂದು ಗಳಿಗೆ ಎಳೆದುಕೊಂಡು ಹೋಗಿ ಆಮೇಲೆ ನಿಂತಿತು. ಜಾರ್ಜೀನಾಳ ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಮರುದಿನ ಲಿಬ್ಬಿ ನೂಡಲ್ ಸೂಪು ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಜಾರ್ಜೀನಾ ಕಾಲು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದಳು, ನಗುತ್ತಲೇ ಇದ್ದಳು.

"ಮೂವತ್ತು ವರ್ಷದಿಂದ ನೀನು ದಪ್ಪ, ನೀನು ದಪ್ಪ ಅಂತಿದ್ನಲ್ಲ ನನ್ ಗಂಡ, ಈಗ ಸಾಕ್ಷಿ ಸಿಕ್ತು ಅಂತ ಊರೆಲ್ಲಾ ಹೇಳ್ಕೊಂಡು ತಿರುಗ್ತಾ ಇದ್ದಾನೆ ಕಣೆ."

"ನಿನ್ ತೂಕ ಅಲ್ಲ ಜಾರ್ಜಿ. ಗೆದ್ದಲು. ನಂಗೆ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ತೊಲೆ ಹೋಗಿದೆ ಅಂತ. ಮೂರು ವರ್ಷದಿಂದ."

ಜಾರ್ಜೀನಾ ಕಿಟಕಿಯ ಕಡೆ ನೋಡಿದಳು. "ಸೂಪು ಅಲ್ಲಿಟ್ಟು ಹೋಗು. ಇವತ್ತು ನಿನ್ ಜೊತೆ ಮಾತಾಡಕ್ಕಾಗಲ್ಲ ನಂಗೆ" ಅಂದಳು.

ಕಾರಿನಲ್ಲಿ ಕೂತು ಲಿಬ್ಬಿ ಅತ್ತಳು. ಅತ್ತು ಮುಗಿದ ಮೇಲೆ ನೇರ ಮಾರ್ವಿನನ ಮನೆಗೆ ಹೋಗಿ ಎಲ್ಲ ಹೇಳಿದಳು.

ಜೂನ್ ತಿಂಗಳಲ್ಲಿ ಸಂಘ ಸೇರಿತು. ಒಂದು ಕಾಲಕ್ಕೆ ನಾನೂರು ಜನರಿದ್ದ ಸಂಘದಲ್ಲಿ ಉಳಿದಿದ್ದವರು ಹತ್ತೊಂಬತ್ತು. ಎಂಜಿನಿಯರು ಬಂದು ನೋಡಿ, ಅಡಿಪಾಯದಿಂದಲೇ ಹೊಸದಾಗಿ ಮಾಡಬೇಕೆಂದು ಬರೆದುಕೊಟ್ಟಿದ್ದ. ಅಷ್ಟು ಹಣ ಯಾರ ಬಳಿಯೂ ಇರಲಿಲ್ಲ. ವಿಮೆಯವರು ಕೈಯೆತ್ತಿದ್ದರು. ಹಾಲ್ ಬಿಚ್ಚಿಕೊಂಡು ಹೋಗಲು ನಗರದ ಒಬ್ಬ ಮರದ ವ್ಯಾಪಾರಿ ಸಿದ್ಧನಿದ್ದ. ಅಂಥ ಹಲಗೆ ಕೊಡುವ ಮರ ಈಗ ಕಾಡಿನಲ್ಲೇ ಇಲ್ಲವಂತೆ.

"ಜ್ಯಾಕ್ ಕೊಟ್ಟು ಇನ್ನೊಂದೆರಡು ವರ್ಷ ತಳ್ಳಬಹುದು" ಅಂದ ಲಿಯಾಂಡರ್. "ನಾನಿರೋವರೆಗಾದ್ರೂ ಇರಲಿ."

ಎಲ್ಲರೂ ಲಿಬ್ಬಿಯ ಮುಖ ನೋಡಿದರು. ಅವಳು ಎದ್ದು ನಿಂತಳು.

"ಹಂಗೇ ಅಂದ್ಕೊಂಡು ನಾನು ಮೂರು ವರ್ಷ ತಳ್ಳಿದೆ ಬಾವ. ಜಾರ್ಜಿ ಕಾಲು ಹೋಯ್ತು. ಬೆಂಚಿನ ಹತ್ರ ಕೂಸುಗಳು ಮಲಗಿದ್ವು ಅವತ್ತು. ಒಂದು ತೊಲೆ ಅಲ್ಲ, ಈಗ ಏಳು ತೊಲೆ ಹೋಗಿದೆ. ನಿನ್ನೆ ಕೆಳಗೆ ಹೋಗಿ ನೋಡ್ಕೊಂಡ್ ಬಂದಿದೀನಿ. ಬಿಚ್ಚಿಬಿಡಿ."

"ನೀನಾ ಈ ಮಾತಾಡೋದು ಲಿಬ್ಬಿ? ನೀನಾ?" ಅಂದ ಲಿಯಾಂಡರ್.

"ಹೂಂ, ನಾನೇ."

ಕೈಯೆತ್ತಿ ಮತ ಹಾಕಿದರು. ಬಿಚ್ಚಲು ಹನ್ನೊಂದು, ಬೇಡವೆಂದು ಎಂಟು. ಲಿಯಾಂಡರ್ ಹ್ಯಾಟು ತೆಗೆದುಕೊಂಡು ಹೊರಟುಹೋದ. ಆ ಬೇಸಿಗೆಯೆಲ್ಲ ಚರ್ಚಿನಲ್ಲಿ ಎದುರಾದರೂ ಅವಳೊಂದಿಗೆ ಮಾತಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಕೆಲಸಗಾರರು ಬಂದರು. ಮೊದಲ ದಿನ ಅವರು ಹಾರೆಯಿಂದ ಹಲಗೆ ಮೀಟಿ ಕೀಳುತ್ತಿದ್ದಾಗ ಎರಡು ಸೀಳಿದವು. ಲಿಬ್ಬಿಗೆ ನೋಡಲಾಗಲಿಲ್ಲ. "ನಿಲ್ಲಿ ನಿಲ್ಲಿ, ವೇದಿಕೆ ಕಡೆಯಿಂದ ಶುರು ಮಾಡಿ. ನಮ್ಮಜ್ಜ ಕೊನೇ ಹಲಗೆ ಹೊಡೆದಿದ್ದು ಅಲ್ಲಿ, ಅದೇ ಮೊದಲು ಬರಬೇಕು" ಎಂದು ತೋರಿಸಿದಳು. ಹನ್ನೆರಡು ದಿನ ದಿನವೂ ಬಂದು, ಮೊಳೆಗಳೆಲ್ಲಿವೆ, ಯಾವ ಹಲಗೆ ಯಾವಾಗ ಬದಲಾಯಿತು ಎಂದು ಹೇಳುತ್ತ ನಿಂತಳು. ನೆಲದಡಿಯ ಮಣ್ಣಿನಲ್ಲಿ ಹೇರ್‌ಪಿನ್ನು, ಬಾಚಣಿಗೆ, ಹರಿದ ಜಪಸರ, ಒಂಟಿ ಓಲೆ, ನೂರು ವರ್ಷದ ಬೀರ್ ಬಾಟಲಿಯ ಮುಚ್ಚಳಗಳು ಸಿಕ್ಕಿದವು. ಆರನೆಯ ದಿನ ಜಾರ್ಜೀನಾ ಊರುಗೋಲು ಊರಿಕೊಂಡು ಬಂದಳು. ಇಬ್ಬರೂ ಓಕ್ ಮರದಡಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು.

"ನಂಗೆ ಮೊದಲೇ ಹೇಳಿದ್ರೆ ನಾನೇನ್ ಮಾಡ್ತಿದ್ದೆ ಗೊತ್ತಾ?" ಅಂದಳು ಜಾರ್ಜೀನಾ.

"ಏನು?"

"ಬಾಯಿ ಮುಚ್ಕೊಂಡು ಆ ಮೂಲೆಗೆ ಮೇಜು ಹಾಕಕ್ಕೆ ಸಹಾಯ ಮಾಡ್ತಿದ್ದೆ, ಪೆದ್ದಿ. ನಂಗೊಂದು ಮಾತು ಹೇಳ್ಲಿಲ್ವಲ್ಲ, ಅದಕ್ಕೇ ಇನ್ನೂ ಸಿಟ್ಟಿದೆ."

ಈಗ ಭಾನುವಾರದ ಕುಣಿತ ನಡೆಯುವುದು ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲಿ, ತಿಂಗಳಿಗೊಮ್ಮೆ. ಸಿಮೆಂಟು ನೆಲ. ನಾಲ್ಕು ಹಾಡಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಹೀಗಾಗಿ ಬರುವವರು ಕಡಿಮೆಯಾಗಿದ್ದಾರೆ. ಕ್ರಿಸ್‌ಮಸ್ ಹೊತ್ತಿಗೆ ಲಿಯಾಂಡರ್ ಮಾತಾಡಿದ. ಕ್ಷಮೆಯ ಮಾತೇನಲ್ಲ, ಶೆಡ್ಡಿನ ಬಗ್ಗೆ ದೂರು: "ಇಲ್ಲಿ ಸ್ವರ ಕೂರೋದೇ ಇಲ್ಲ ಲಿಬ್ಬಿ, ತಗಡಿಗೆ ಬಡ್ಕೊಂಡು ಹಂಗೇ ವಾಪಸ್ ಬರುತ್ತೆ." ಅವಳು ಮನೆಯಿಂದ ನಾಲ್ಕು ಹಳೇ ಕಂಬಳಿ ತಂದು ಅವನ ಹಿಂದಿನ ಗೋಡೆಗೆ ತೂಗುಹಾಕಿದಳು. ಸ್ವಲ್ಪ ವಾಸಿ ಎಂದ.

ಮುಂದಿನ ಚಳಿಗಾಲದಲ್ಲಿ ಮೂವತ್ತು ಮೈಲಿ ದೂರದ ಒಂದು ಊರಿನವರು ಫೋನು ಮಾಡಿ, ತಮ್ಮ ಹಾಲ್‌ನ ಅಡಿ ನೋಡಿ ಹೇಳುತ್ತೀರಾ ಎಂದು ಕೇಳಿದರು. ಎಪ್ಪತ್ತೊಂದರ ಲಿಬ್ಬಿ ಹೋಗಿ ತೆವಳಿ, ಐದು ತೊಲೆ ಬದಲಿಸಿದರೆ ಉಳಿಯುತ್ತದೆ ಎಂದಳು. ಬದಲಿಸಿದರು, ಉಳಿಯಿತು. ಇನ್ನೊಂದು ಊರಿನಲ್ಲಿ ಹೊರಬಂದು ಮಣ್ಣು ಕೊಡವಿಕೊಂಡು, "ಇವತ್ತೇ ಬೀಗ ಹಾಕಿ" ಅಂದಳು. ಅಲ್ಲಿನ ಹೆಂಗಸೊಬ್ಬಳು ಅಳತೊಡಗಿದಾಗ ಲಿಬ್ಬಿ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು, ಅವಳು ತಾನಾಗಿ ಏಳುವವರೆಗೂ.