ಪುಟ್ಟಮ್ಮನ ಪೈಕಿ

ಗೋಡೆ ಮೇಲೆ ಪತಂಗ ಕಂಡರೆ ಸಿದ್ದರಾಜು ಮೇಷ್ಟ್ರು ಕತ್ತು ಚಾಚಿ, "ತಾವು ಯಾವ ಪೈಕಿ?" ಎನ್ನುತ್ತಿದ್ದರು. ಟಿ. ನರಸೀಪುರದ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ, ನಾನು ಕನ್ನಡ. ನಂಜನಗೂಡಿನಿಂದ ಇಬ್ಬರಿಗೂ ಒಂದೇ ಬಸ್ಸು.

ಹತ್ತಿರದ ಜೀವಿಗಳನ್ನು ಒಂದು ಗುಂಪು ಮಾಡುವ ಜೀನಸ್ ಅನ್ನೋದಕ್ಕೆ ಅವರ ಹಳೇ ಪುಸ್ತಕದಲ್ಲಿ 'ಜಾತಿ' ಅಂತಿತ್ತು. ಆ ಪದ ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಪಾಠದಲ್ಲೂ 'ಪೈಕಿ'ಯೇ. "ಬಾಡಿಗೆ ಮನೆ ಹುಡುಕ್ವಾಗ ಬೀದಿಬೀದೀಲೂ ಯಾವ ಪೈಕಿ ಸಾ ಅಂತ ಕೇಳಿದ್ರು ಮೇಡಂ. ಹೇಳಿದ ತಕ್ಷಣ ಮನೆ ಖಾಲಿ ಇಲ್ಲ ಅನ್ನೋರು. ನಾನೂ ಯಾರನ್ನಾದ್ರೂ ಕೇಳ್ಬೇಕಲ್ಲ, ಹುಳನ ಕೇಳ್ತೀನಿ" ಎಂದು ನಗೋರು. ನನಗೆ ನಗು ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ, ಹುಟ್ಟೂರು ಹೆಮ್ಮಿಗೆಯ ಅವರ ಮನೆ ಗೋಡೆಯ ಬೂದು ಹುಳವೊಂದು ಯಾವ ಪೈಕಿಗೂ ಸೇರಲಿಲ್ಲ. ರೆಕ್ಕೆಯ ನರ ನೋಡಿ ನೋಡಿ, ವರ್ಷಗಟ್ಟಲೆ ಹೆಣಗಿ, ಹೊಸ ಪೈಕಿಯನ್ನೇ ಮಾಡಿದರು. ಹೆಸರು ಪುಟ್ಟಮ್ಮಿಯಾ. ತಾಯಿ ಪುಟ್ಟಮ್ಮನ ಹೆಸರು.

"ಗದ್ದೆ ಕೆಲ್ಸಕ್ಕೆ ಕರೆಯೋರು ಏ ಪುಟ್ಟಿ ಅಂತಿದ್ರು ಮೇಡಂ. ಅಮ್ಮ ಅಂತ ಸೇರಿಸಿದೋರು ಒಬ್ರಿಲ್ಲ. ಇನ್ಮೇಲೆ ಯಾವ ದೇಶದೋನಾದ್ರೂ ಸೇರಿಸ್ಲೇಬೇಕು." ಅವತ್ತು ಇಡೀ ಸ್ಟಾಫ್ ರೂಮಿಗೆ ಮೈಸೂರು ಪಾಕ್ ಹಂಚಿದರು.

ಕೆಲವು ವರ್ಷದ ಮೇಲೆ, ಬಸ್ಸಿನಲ್ಲಿ, ಮಳೆ ಬಿಸಿಲಿನ ಮಾತಾಡುವ ಹಾಗೆ ಹೇಳಿದರು: "ಹೆಸ್ರು ಬಿದ್ದೋಯ್ತು ಮೇಡಂ. ಆ ಪೈಕಿಗೆ ಹೊರದೇಶದೋನೊಬ್ಬ ಹಿಂದೇನೇ ಹೆಸ್ರಿಟ್ಟಿದ್ನಂತೆ. ಮೊದ್ಲು ಇಟ್ಟಿದ್ದೇ ಲೆಕ್ಕ. ನ್ಯಾಯವಾಗೇ ಇದೆ ಬಿಡಿ."

"ಅಮ್ಮನಿಗೆ ಹೇಳಿದ್ರಾ?" ಅಂದೆ. ಅವರು ಕಿಟಕಿ ಕಡೆ ತಿರುಗಿದರು. ಆಮೇಲೆ ಅವರು ಯಾವ ಹುಳವನ್ನೂ ಪೈಕಿ ಕೇಳಿದ್ದು ನಾನು ಕಾಣೆ.

ರಿಟೈರಾಗುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಮಾರನೇ ದಿನ ಹೆಮ್ಮಿಗೆಗೆ ಹೋದೆ. ಅಳು ಬರಲಿಲ್ಲ. ಯಾರೋ ಟೀ ಕೊಟ್ಟರು, ಕುಡಿದೆ. ಜಗುಲಿಯಲ್ಲಿ ಪುಟ್ಟಮ್ಮ ಕೂತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲೊಂದು ಬೂದು ಹುಳ. ಅದೇನಾ ಬೇರೆಯಾ, ನನಗೇನು ಗೊತ್ತು. ನೆಂಟನೊಬ್ಬ ಪೊರಕೆ ಎತ್ತಿದ.

"ಒಡೀಬ್ಯಾಡ ಕಣ್ಲಾ, ನಮ್ ಪೈಕಿ ಅದು" ಎಂದರು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಮಗ ನನ್ನೆಸ್ರು ಇಟ್ಟವ್ನೆ ಕಣವ್ವ ಅದ್ಕೆ. ಈಗ್ಲೂ ಅದೇ ಎಸ್ರು ತಾನೆ?"

"ಅದೇ, ಪುಟ್ಟಮ್ಮನೋರೇ" ಅಂದೆ.