ಸೈಲೆನ್ಸರಿಗೆ ಕಟ್ಟಿದ ಪಟ್ಟಾ

ನನ್ನ ತಂಗಿಯ ಮೈದುನ ಹಳೇ ಅಂಬಾಸಿಡರ್ ಕೊಂಡ ದಿನದಿಂದ ನನಗೆ ಊಟ ರುಚಿಸಲಿಲ್ಲ. ಮುಚ್ಚಿಟ್ಟು ಏನಾಗಬೇಕಿದೆ, ಆ ಕಾರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿಯವರೆಗೆ ನಮ್ಮ ಬಳಗದಲ್ಲಿ ಅಂಬಾಸಿಡರ್ ಇದ್ದವನು ನಾನೊಬ್ಬನೇ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ನಾನು ಮೇಸ್ತ್ರಿ. ಸಾಹುಕಾರರು ಹೊಸ ಕಾರು ತಂದಾಗ ಹಳೆಯದನ್ನು ನನಗೆ ಬಿಟ್ಟುಕೊಟ್ಟಿದ್ದರು. ಕುಷ್ಟಗಿಯ ಈ ಮನುಷ್ಯ ಎಲ್ಲಿಂದಲೋ ಅಂಥದ್ದೇ ಇನ್ನೊಂದನ್ನು ಹುಡುಕಿ ತಂದು, ಹಾಲಿನಂಥ ಬಣ್ಣ ಹೊಡೆಸಿ, ಸೀಟಿಗೆ ಬಿಳಿ ಟವೆಲ್ ಹೊದಿಸಿ ಮನೆಯ ಮುಂದೆ ನಿಲ್ಲಿಸಿಕೊಂಡ. ಇಂಜಿನ್ ಚಾಲೂ ಇದ್ದರೂ ಪಕ್ಕದಲ್ಲಿ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ.

ನನ್ನ ಕಾರು ಹಾಗಲ್ಲ. ಸೈಲೆನ್ಸರ್ ಪೈಪನ್ನು ಹಿಡಿದಿದ್ದ ರಬ್ಬರು ಹರಿದು ವರ್ಷಗಳಾಗಿದ್ದವು. ಪೈಪು ಜೋತುಬಿದ್ದು, ರಸ್ತೆಯಲ್ಲಿ ಉಬ್ಬು ಬಂದರೆ ನೆಲ ಕೆರೆಯುತ್ತಿತ್ತು, ಉಳಿದ ಹೊತ್ತು ಕಾರಿನ ತಳಕ್ಕೆ ಬಡಿದು ಗಡಗಡ ಎನ್ನುತ್ತಿತ್ತು. ಜೋತುಬಿದ್ದಾಗಲೆಲ್ಲ ಬೈಂಡಿಂಗ್ ತಂತಿ ಸುತ್ತಿ ಬಿಗಿಯುತ್ತಿದ್ದೆ. ಸ್ವಲ್ಪ ದಿನಕ್ಕೆ ತಂತಿ ಕಡಿದು ಮತ್ತೆ ಅದೇ ಪಾಡು. ತಂಗಿಯ ಮಗಳು ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ, ಶನಿವಾರ ಊಟಕ್ಕೆ ಮನೆಗೆ ಕರೆತರಲು ಇದೇ ಕಾರಿನಲ್ಲಿ ಹೋಗುತ್ತಿದ್ದೆ. ನಾನು ಆ ಓಣಿಗೆ ತಿರುಗುವಷ್ಟರಲ್ಲಿ ಅವಳು ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು. ಹುಡುಗಿ ಚುರುಕು ಎಂದುಕೊಂಡಿದ್ದೆ.

ಅವಳ ಮದುವೆ ಕೊಪ್ಪಳದ ಹುಡುಗನೊಂದಿಗೆ ನಿಶ್ಚಯವಾದ ದಿನ ಕುಷ್ಟಗಿಗೆ ಹೋಗಿ ಇಳಿದಿದ್ದೆ ಅಷ್ಟೇ, ಅವಳ ಕಾಕಾ, ಅದೇ ಹಾಲುಬಿಳಿ ಕಾರಿನವನು, ಬಾಗಿಲಲ್ಲೇ ಹಿಡಿದ.

"ಬೀಗರ, ನೀವು ತಾವರಗೇರಾ ಬಿಟ್ಟಿದ್ದು ನಮಗ ಇಲ್ಲೇ ಕೇಳಿಸ್ತು ನೋಡ್ರಿ."

ತಾವರಗೇರಾ ಅಂದರೆ ದಾರಿಯಲ್ಲಿ ಎಷ್ಟೋ ಹಿಂದೆ ಉಳಿದ ಊರು. ಪಡಸಾಲೆಯಲ್ಲಿ ಕುಳಿತವರೆಲ್ಲ ನಕ್ಕರು. ಅವನು ಅಷ್ಟಕ್ಕೇ ಬಿಡಲಿಲ್ಲ. "ಮದಿಮಗಳು ನನ್ನ ಕಾರಾಗ ಹೋಗ್ಲಿ. ಕೊಪ್ಪಳದ ಮಂದಿ ನೋಡ್ತಾರ, ನಗಬಾರ್ದು" ಎಂದ.

ಮದುಮಗಳನ್ನು ಮನೆಯಿಂದ ಕೈಹಿಡಿದು ಹೊರಗೆ ಕರೆತಂದು ಗಾಡಿ ಹತ್ತಿಸುವವನು ಸೋದರಮಾವ. ನಮ್ಮ ಮನೆತನಗಳಲ್ಲಿ ಅದು ನಡೆದುಬಂದ ಮರ್ಯಾದೆ. ಅದಕ್ಕೇ ಇವನು ಕೈ ಹಾಕಿದ್ದ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹುಡುಗಿ ಹೇಳಿದಳು, "ಇಲ್ಲ ಕಾಕಾ, ನಾ ಮಾಮಾನ ಕಾರಾಗ ಹೋಗಾಕಿ."

ಅಷ್ಟು ಸಾಕಾಗಬೇಕಿತ್ತು. ಆದರೆ ನನ್ನ ಕಿವಿಯಲ್ಲಿ ಪಡಸಾಲೆಯ ನಗುವೇ ಕುಳಿತಿತ್ತು. "ಅಣ್ಣಾ, ಹೋಳಿಗಿ ಉಣ್ಣದ ಹೊಂಟಿ ಏನ?" ಎಂದು ತಂಗಿ ಹಿಂದೆ ಬಂದರೂ ತಿರುಗಿ ನೋಡದೆ ಕಾರು ಹತ್ತಿದೆ. ಅದು ಗಡಗಡ ಎನ್ನುತ್ತ ಹೊರಟಾಗ ಒಳಗೆ ಮತ್ತೆ ನಕ್ಕರು.

ಮದುವೆಗೆ ಮುಂಚಿನ ಭಾನುವಾರ ಮಿಲ್ಲು ಬಂದಾಗಿತ್ತು. ಕಾರನ್ನು ಶೆಡ್ಡಿಗೆ ತಂದು, ಜಾಕ್ ಏರಿಸಿ, ಗಾಲಿಯ ಪಕ್ಕ ಸಿಮೆಂಟ್ ಇಟ್ಟಿಗೆ ಕೊಟ್ಟು, ಗೋಣಿಚೀಲ ಹಾಸಿಕೊಂಡು ಅಡಿಗೆ ನುಗ್ಗಿದೆ. ನಾನೇ ಸುತ್ತಿದ ತಂತಿಗಳು ಕೋಳಿಗೂಡಿನಂತೆ ಮುತ್ತಿಕೊಂಡಿದ್ದವು. ಎಲ್ಲ ಕತ್ತರಿಸಿದೆ. ತಂತಿ ಬಿಗಿದಷ್ಟೂ ಪೈಪಿನ ನಡುಕವೆಲ್ಲ ಕಾರಿನ ಮೈಗೆ ಏರುತ್ತದೆ. ಬೇಕಾದದ್ದು ಹಿಡಿದೂ ಅಲುಗಾಡಲು ಬಿಡುವಂಥದ್ದು. ಅದು ನಮ್ಮ ಮಿಲ್ಲಿನಲ್ಲೇ ಬಿದ್ದಿರುತ್ತದೆ. ಗಿರಣಿ ತಿರುಗಿಸುವ ಬೆಲ್ಟಿಗೆ ನಾವು ಪಟ್ಟಾ ಎನ್ನುತ್ತೇವೆ. ಸವೆದು ಬಿಚ್ಚಿದ ಪಟ್ಟಾ ಗಂಗಾವತಿಯಲ್ಲಿ ಯಾರೂ ಎಸೆಯುವುದಿಲ್ಲ, ಬಾಗಿಲಿನ ಕೀಲಿನಿಂದ ಎಮ್ಮೆಯ ಕೊರಳಿನವರೆಗೆ ಎಲ್ಲದಕ್ಕೂ ಅದೇ. ಎರಡು ತುಂಡು ಕೊಯ್ದು, ತೂತು ಹೊಡೆದು, ಬೋಲ್ಟು ಹಾಕಿ, ಪೈಪಿಗೆ ಹೊಸ ಕ್ಲಾಂಪು ಕೊಟ್ಟು ತೂಗುಹಾಕಿದೆ. ತುಕ್ಕು ತಿಂದು ಪೈಪಿಗೆ ಬಿದ್ದಿದ್ದ ತೂತಿಗೆ ಟ್ರ್ಯಾಕ್ಟರ್ ಟ್ರ್ಯಾಲಿ ವೆಲ್ಡಿಂಗಿನವನ ಹತ್ತಿರ ತಗಡು ಹಾಕಿಸಿದೆ. ಕಣ್ಣಿಗೆ ತುಕ್ಕು ಬಿದ್ದು ಉರಿಯುತ್ತಿದ್ದರೂ ನಾನು ನೋಡುತ್ತಿದ್ದದ್ದು ಪೈಪನ್ನಲ್ಲ, ಕುಷ್ಟಗಿಯವನ ಮುಖವನ್ನು. ನಾಳೆ ಅದು ಹೇಗೆ ಸಪ್ಪಗಾಗುತ್ತದೆ ಎಂಬುದನ್ನು.

ಸೋಮವಾರ ನಸುಕಿನಲ್ಲಿ ಹೊರಟೆ. ಕನಕಗಿರಿ ದಾಟಿದರೂ ಸಪ್ಪಳವಿಲ್ಲ. ಉಬ್ಬು ಹಾರಿಸಿದೆ, ಆಗಲೂ ಇಲ್ಲ. ನನ್ನ ಕಾರಿನಲ್ಲಿ ನನ್ನ ಕೆಮ್ಮು ನನಗೇ ಕೇಳಿಸಿದ್ದು ಅಂದೇ ಮೊದಲು. ಒಬ್ಬನೇ ನಗುತ್ತ ಹೋದೆ.

ಏಳೂವರೆಗೆ ರಾಹುಕಾಲ ಹತ್ತುತ್ತದೆ, ಅಷ್ಟರೊಳಗೆ ಮದುಮಗಳು ಹೊಸ್ತಿಲು ದಾಟಬೇಕು. ನಾನು ಬೇಕಾದಷ್ಟು ಮೊದಲೇ ತಲುಪಿದ್ದೆ. ಮನೆಯ ಮುಂದೆ ದಿಬ್ಬಣದ ಬಸ್ಸು ಅಡ್ಡ ನಿಂತಿತ್ತು. ಅದರ ಹಿಂದೆ ಕಾರು ನಿಲ್ಲಿಸಿ ಒಳಗೇ ಕುಳಿತೆ. ಸೋದರಮಾವನನ್ನು ಬಂದು ಕರೆದೊಯ್ಯುವುದು ರೂಢಿ, ತಾನಾಗಿ ಹೋಗಿ ನಿಲ್ಲುವುದಲ್ಲ. ಅವತ್ತು ನಕ್ಕವರು ಇವತ್ತು ನನ್ನನ್ನು ಹುಡುಕಿಕೊಂಡು ಬರಲಿ, ಬಂದು ಈ ಕಾರಿನ ಪಕ್ಕ ನಿಂತು ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಕೇಳಲಿ. ಅದಕ್ಕಾಗಿಯೇ ಇಂಜಿನ್ ಆರಿಸಿರಲಿಲ್ಲ. ಫೋನನ್ನೂ ಬಂದ್ ಮಾಡಿಟ್ಟಿದ್ದೆ.

ಯಾರೂ ಬರಲಿಲ್ಲ. ಬಸ್ಸಿನ ಆಚೆ ವಾಲಗ ಶುರುವಾಯಿತು. ಇನ್ನೇನು ಬಂದರು ಎಂದು ತಲೆಯ ಪಟಗ ಸರಿಮಾಡಿಕೊಂಡೆ. ಅಷ್ಟರಲ್ಲಿ ಬಸ್ಸಿನ ಪಕ್ಕದಿಂದ ಆ ಹಾಲುಬಿಳಿ ಕಾರು ಮೆಲ್ಲಗೆ ಹೊರಬಂದು ನನ್ನ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿದ ಮದುಮಗಳಿದ್ದಳು. ಅವಳ ಪಕ್ಕ ಕುಳಿತ ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾರ್ನ್ ಹೊಡೆಯಬೇಕೆಂದೂ ಹೊಳೆಯಲಿಲ್ಲ. ಕೊಪ್ಪಳದವರೆಗೆ ಅವನ ಕಾರಿನ ಹಿಂದೆ ನನ್ನ ಖಾಲಿ ಕಾರು ಓಡಿಸಿದೆ. ದಾರಿಯುದ್ದಕ್ಕೂ ಬೈದದ್ದು ಅವನನ್ನೇ.

ಕಲ್ಯಾಣ ಮಂಟಪದ ಮುಂದೆ ಅವಳು ಇಳಿದು ತಿರುಗಿದವಳು ನನ್ನನ್ನು ಕಂಡು ನಿಂತಳು. "ಮಾಮಾ, ಯಾವಾಗ ಬಂದಿ?"

"ನಿಮ್ಮ ಬಸ್ಸಿನ ಹಿಂದ ಇದ್ನೆವ್ವ. ಯಾರೂ ಕರೀಲಿಲ್ಲ."

"ಸಪ್ಪಳಾನ ಬರ್ಲಿಲ್ಲಲ್ಲ ಮಾಮಾ. ಹಾಸ್ಟೆಲಿನ್ಯಾಗ ಹೆಂಗ ಕಿವಿಗೊಟ್ಟು ಕುಂದರ್ತಿದ್ನೋ ಹಂಗ ಕುಂತಿದ್ನಿ. ಕಾಕಾ ಎರಡು ಸಲ ಎಬ್ಬಿಸಿದ್ರೂ ಏಳ್ಲಿಲ್ಲ. ರಾಹುಕಾಲ ಬಂತಂತ ಅವ್ವ ಅಳಾಕ ಹತ್ತಿದ್ಲು. ಇನ್ನೂ ಸಿಟ್ಟಿನ್ಯಾಗ ಅದೀ, ಬರಂಗಿಲ್ಲ ಅಂದ್ಕೊಂಡ್ವಿ."

ಹೆಂಗಸರು ಆರತಿ ಹಿಡಿದು ಬಂದು ಅವಳನ್ನು ಒಳಗೆ ಕರೆದೊಯ್ದರು. ಅವಳ ಕಾಕಾ ನನ್ನ ಕಾರಿನ ಸುತ್ತ ಬಂದು, ಬಾನೆಟ್ಟಿಗೆ ಕಿವಿ ಹಚ್ಚಿದ, ಬಗ್ಗಿ ಅಡಿಗೆ ನೋಡಿದ. ಮುಖ ನಾನು ಎಣಿಸಿದಂತೆಯೇ ಸಪ್ಪಗಾಯಿತು.

"ಬೀಗರ, ನನ್ನ ಕಾರಿಗಿಂತ ಸುಮ್ನ ಐತಲ್ರಿ ಇದು. ಏನ್ ಕಟ್ಟೀರಿ? ನನಗೂ ಅಷ್ಟು ಕೊಡ್ರಿ."

ಕೊಡುತ್ತೇನೆ ಎಂದೆ. ಅವನ ಕಾರಿನ ಬಾಗಿಲು ಇನ್ನೂ ತೆರೆದೇ ಇತ್ತು. ಹಿಂದಿನ ಸೀಟಿನ ಬಿಳಿ ಟವೆಲ್ಲಿನ ಮೇಲೆ ಅವಳು ಮುಡಿದ ಮಲ್ಲಿಗೆ ಉದುರಿ ಬಿದ್ದಿತ್ತು.